ಮುಂದಕ್ಕೆ ಹಾಕಿ

ಕೊಡ್ಲಿಪೇಟೆಯ ಹತ್ತಿರ ಒಂದು ಹೋಂಸ್ಟೇ ಇದೆ. ಅದರ ಊಟದ ಹಾಲಿನಲ್ಲಿ, ಕೈ ತೊಳೆಯುವ ಬೇಸಿನ್ನಿಗೂ ಕಾಫಿಪುಡಿ ಮಾರುವ ಕಪಾಟಿಗೂ ನಡುವೆ, ಸಿಮೆಂಟಿನ ಕಟ್ಟೆಯ ಮೇಲೆ ಹಳೆಯ ಇಂಗ್ಲಿಷ್ ಮೋಟಾರ್ ಸೈಕಲ್ ಒಂದನ್ನು ನಿಲ್ಲಿಸಿದ್ದಾರೆ. ಹಿಂದಿನ ಗೋಡೆಯಲ್ಲಿ ಒಂದು ಫಲಕ. ಅದರಲ್ಲಿ ಒಬ್ಬ ಹೆಂಗಸಿನ ಹೆಸರು, ಹುಟ್ಟಿದ ವರ್ಷ, ತೀರಿಕೊಂಡ ವರ್ಷ, ಕೆಳಗೆ ಒಂದು ವಾಕ್ಯ: ‘ಕಿವಿಯಿಂದಲೇ ಇಂಜಿನ್ನಿನ ಟೈಮಿಂಗ್ ಹಿಡಿಯುತ್ತಿದ್ದ ಅಪರೂಪದ ಗುರು.’

ಆ ವಾಕ್ಯ ಸುಳ್ಳು. ಅದರಲ್ಲಿ ಗುರು ಎಂಬ ಪದವೊಂದೇ ನಿಜ, ಅದೂ ಅವರು ಸಂಬಳ ತೆಗೆದುಕೊಂಡು ಪಾಠ ಮಾಡುತ್ತಿದ್ದರು ಎಂಬಷ್ಟರ ಮಟ್ಟಿಗೆ. ನಮ್ಮ ಪಿಯು ಕಾಲೇಜಿನಲ್ಲಿ ಅವರು ಭೌತಶಾಸ್ತ್ರ ಕಲಿಸುತ್ತಿದ್ದರು, ನಾನು ಕನ್ನಡ. ಸ್ಟಾಫ್‌ರೂಮಿನಲ್ಲಿ ನಮ್ಮಿಬ್ಬರ ಮೇಜುಗಳು ಒಂದಕ್ಕೊಂದು ತಾಗಿಕೊಂಡಿದ್ದವು. ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಆ ಫಲಕದಲ್ಲಿ ಸುಳ್ಳಿನ ತಲೆಯ ಮೇಲೆ ಕೂತು ಅದು ಸಾಕಷ್ಟು ಮಣ್ಣಾಗಿದೆ. ನಾವೆಲ್ಲ ಮೇಡಂ ಅನ್ನುತ್ತಿದ್ದೆವು. ಇಲ್ಲಿಗೂ ಅಷ್ಟು ಸಾಕು.

ಅವರು ಕಿವಿಯನ್ನು ನಂಬುತ್ತಿರಲಿಲ್ಲ. ‘ಕಿವಿ ಲಂಚ ತಿನ್ನುತ್ತೆ ಮೇಷ್ಟ್ರೆ. ತನಗೇನು ಬೇಕೋ ಅದನ್ನೇ ಕೇಳಿಸ್ಕೊಳ್ಳುತ್ತೆ,’ ಅನ್ನುತ್ತಿದ್ದರು. ಇದನ್ನು ಇಂಜಿನ್ನಿನ ಬಗ್ಗೆ ಹೇಳಿದ್ದೋ, ಪ್ರಿನ್ಸಿಪಾಲರ ಬಗ್ಗೆ ಹೇಳಿದ್ದೋ ಈಗ ಖಚಿತವಿಲ್ಲ. ಎರಡಕ್ಕೂ ಚೆನ್ನಾಗಿ ಹೊಂದುತ್ತದೆ. ಹೀಗೆ ಚೆನ್ನಾಗಿ ಹೊಂದುವ ಮಾತುಗಳನ್ನು ಕಂಡರೆ ನನಗೆ ಅನುಮಾನ. ಸತ್ತವರ ಬಾಯಿಗೆ ಇಂಥವನ್ನು ತುರುಕುವುದು ಸುಲಭ. ಆದರೂ ಇದನ್ನು ಅವರು ಹೇಳಿದ್ದರು ಎಂದೇ ಇಟ್ಟುಕೊಳ್ಳುತ್ತೇನೆ.

ಇನ್ನೊಂದು ಮಾತನ್ನೂ ಈಗಲೇ ಹೇಳಿಬಿಡುವುದು ವಾಸಿ. ಅವರು ಒಳ್ಳೆಯ ಸ್ವಭಾವದವರಾಗಿರಲಿಲ್ಲ. ಒಮ್ಮೆ ಪ್ರಾಕ್ಟಿಕಲ್ ತರಗತಿಯಲ್ಲಿ ಒಬ್ಬ ಹುಡುಗಿಯ ಗ್ರಾಫ್ ನೋಡಿ, ‘ಎಲ್ಲಾ ಚುಕ್ಕೆನೂ ಗೆರೆ ಮೇಲೇ ಸಾಲಾಗಿ ಕೂತಿದಾವಲ್ಲಮ್ಮ, ಯಾರ ಮದುವೆ ಊಟಕ್ಕೆ ಬಂದಿದ್ವು?’ ಎಂದು ಕೇಳಿ, ಹಾಳೆಯನ್ನು ನಾಲ್ಕು ತುಂಡು ಮಾಡಿ ಅವಳ ಕೈಗೇ ಕೊಟ್ಟರು. ಹುಡುಗಿ ಅತ್ತಳು. ಅವಳು ಯಾರದ್ದನ್ನೂ ನೋಡಿ ಬರೆದಿಲ್ಲ, ನಿಜವಾಗಿ ಅಳೆದೇ ಬರೆದದ್ದು ಎಂದು ಲ್ಯಾಬಿನ ಅಟೆಂಡರ್ ಬಂದು ಹೇಳಿದ. ಮೇಡಂ ಕ್ಷಮೆ ಕೇಳಲಿಲ್ಲ. ‘ಹಂಗಾದ್ರೆ ಅವಳ ಅದೃಷ್ಟ ಕೆಟ್ಟದು. ನಾನೇನು ಮಾಡ್ಲಿ?’ ಅಂದರು. ಅವರ ಶ್ರದ್ಧಾಂಜಲಿ ಸಭೆಯಲ್ಲಿ ಈ ಪ್ರಸಂಗವನ್ನು ಯಾರೋ ಎದ್ದು ನಿಂತು ಹೇಳಿದರು. ಹೇಳಿದವರ ಬಾಯಲ್ಲಿ ಕೊನೆಯಲ್ಲಿ ಮೇಡಂ ಆ ಹುಡುಗಿಯನ್ನು ಅಪ್ಪಿಕೊಂಡು ಕಣ್ಣೀರು ಒರೆಸಿದರು. ಆ ದಿನ ನಾನು ಲ್ಯಾಬಿನ ಬಾಗಿಲಲ್ಲೇ ಇದ್ದೆ. ಯಾರೂ ಯಾರನ್ನೂ ಅಪ್ಪಿಕೊಳ್ಳಲಿಲ್ಲ.

ಮ್ಯಾಗ್ನೆಟೊ ಅವರಿಗೆ ಅಪ್ಪನ ಕಡೆಯಿಂದ ಬಂದದ್ದು. ಮಾರ್ಚಿನಲ್ಲಿ ಹೂಮಳೆ ಕೈಕೊಟ್ಟ ವರ್ಷಗಳಲ್ಲಿ ಸಣ್ಣ ಕಾಫಿ ಬೆಳೆಗಾರರಿಗೆ ಪಂಪಿನ ಇಂಜಿನ್‌ಗಳನ್ನು ಬಾಡಿಗೆಗೆ ಕೊಡುವುದು ಅಪ್ಪನ ಕಸುಬು. ಆ ಹಳೆಯ ಇಂಜಿನ್‌ಗಳಿಗೆ ಬ್ಯಾಟರಿ ಇರಲಿಲ್ಲ. ತಾನೇ ತಿರುಗಿ ತಾನೇ ಕಿಡಿ ಹುಟ್ಟಿಸುವ ಒಂದು ಡಬ್ಬಿ ಇತ್ತು, ಅದೇ ಮ್ಯಾಗ್ನೆಟೊ. ಇಂಜಿನ್ ಕೈಕೊಟ್ಟರೆ ಕಾಫಿಯ ಮೊಗ್ಗು ಅರಳದೆ ಒಣಗುತ್ತದೆ, ಬೆಳೆಗಾರ ಅಂಗಳದಲ್ಲಿ ನಿಂತು ಬೈಯುತ್ತಾನೆ. ಬೈಗುಳ ಕೇಳುತ್ತ ಕೇಳುತ್ತ ಕಲಿತೆ ಎಂದು ಅವರೇ ಹೇಳಿದ್ದರು. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕುಕ್ಕರುಗಾಲಲ್ಲಿ ಕೂತರೆ ಅವರ ಬೆನ್ನು ಮಾತ್ರ ಕಾಣುತ್ತಿತ್ತು. ಯಾರಾದರೂ ಹತ್ತಿರ ಬಂದು ಬಗ್ಗಿದರೆ, ತಿರುಗದೆಯೇ, ‘ಬೆಳಕು ಬಿಡಿ,’ ಅನ್ನುತ್ತಿದ್ದರು.

ಈಗ ಕಟ್ಟೆಯ ಮೇಲಿರುವ ಗಾಡಿಯ ಯಜಮಾನರು ಆ ಹೋಂಸ್ಟೇ ಇರುವ ಕಾಫಿ ಎಸ್ಟೇಟಿನ ಸಾವ್ಕಾರ್ರು. ಮೇಡಂಗಿಂತ ಹತ್ತಿಪ್ಪತ್ತು ವರ್ಷ ಚಿಕ್ಕವರು, ಊಟಿಯ ಕಡೆ ಹಾಸ್ಟೆಲಿನಲ್ಲಿ ಓದಿದವರು. ಅವರಿಗೆ ಡ್ರ್ಯಾಗ್ ಪಂದ್ಯದ ಹುಚ್ಚು. ಡ್ರ್ಯಾಗ್ ಅಂದರೆ ನಿಂತಲ್ಲಿಂದ ಹೊರಟು ನೇರ ರಸ್ತೆಯಲ್ಲಿ ಕಾಲು ಮೈಲಿ ಓಡಿಸುವುದು. ತಿರುವಿಲ್ಲ, ಏರಿಲ್ಲ. ಹಳೆಯ ಗಾಡಿಗಳಿಗೇ ಬೇರೆ ವರ್ಗ ಇರುತ್ತದೆ. ಈ ಗಾಡಿಯನ್ನು ಕೊಂಡು, ಮೈಯಲ್ಲಿದ್ದ ಭಾರವನ್ನೆಲ್ಲ ಕಿತ್ತುಹಾಕಿ, ಪೆಟ್ರೋಲಿನ ಬದಲು ಮೆಥನಾಲ್ ಕುಡಿಯುವ ಹಾಗೆ ಮಾಡಿಸಿದ್ದರು. ಆದರೆ ಕಿಡಿ ಹೊತ್ತಿಗೆ ಸರಿಯಾಗಿ ಹಾರುತ್ತಿರಲಿಲ್ಲ. ಎರಡು ಪಟ್ಟಣಗಳ ಗ್ಯಾರೇಜುಗಳಿಗೆ ಹೋಗಿಬಂದ ಮೇಲೆ ಯಾರೋ ಮೇಡಂ ಹೆಸರು ಹೇಳಿದರು. ಸಾವ್ಕಾರ್ರು ಸ್ಟಾಫ್‌ರೂಮಿಗೇ ಬಂದರು.

ಮೇಡಂ ಒಪ್ಪಿದರು. ಒಂದು ಷರತ್ತು ಹಾಕಿದರು. ‘ನಾನು ಇಟ್ಟ ಮೇಲೆ ಯಾರೂ ಕೈ ಹಾಕಬಾರದು. ಹಾಕಲೇಬೇಕು ಅಂದ್ರೆ ಕಾಗದ ಇಟ್ಟು ನೋಡ್ಬೇಕು.’

ಕಾಗದ ನನ್ನದು. ನನ್ನ ಸಿಗರೇಟಿನ ಚಟಕ್ಕೆ ಮೇಡಂ ಕೊಟ್ಟ ಮರ್ಯಾದೆ ಅದೊಂದೇ. ಸಿಗರೇಟ್ ಪ್ಯಾಕಿನ ಒಳಗಿನ ಬೆಳ್ಳಿ ಹಾಳೆಯ ಬೆನ್ನಿಗೆ ಅಂಟಿಕೊಂಡಿರುವ ತೆಳುಕಾಗದವನ್ನು ನೀರಿನಲ್ಲಿ ನೆನೆಸಿ ಬಿಡಿಸಿ, ಒಣಗಿಸಿ, ಪಟ್ಟಿ ಕತ್ತರಿಸಿ ಇಟ್ಟುಕೊಳ್ಳುತ್ತಿದ್ದರು. ಭಾನುವಾರಗಳಲ್ಲಿ ಎಸ್ಟೇಟಿನಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಶೆಡ್ಡಿನಲ್ಲಿ ಗಾಡಿಯ ಪಕ್ಕ ನನ್ನನ್ನು ಕೂರಿಸುತ್ತಿದ್ದರು. ಮ್ಯಾಗ್ನೆಟೊ ಒಳಗೆ ಎರಡು ಲೋಹದ ತುದಿಗಳಿವೆ, ಅವನ್ನು ಪಾಯಿಂಟ್ ಅನ್ನುತ್ತಾರೆ. ಅವು ಒಂದನ್ನೊಂದು ಕಚ್ಚಿಕೊಂಡಿರುತ್ತವೆ. ಬಿಟ್ಟ ಕ್ಷಣವೇ ಕಿಡಿ. ಆ ಕ್ಷಣ ಕಣ್ಣಿಗೆ ಕಾಣುವುದಿಲ್ಲ. ಅದಕ್ಕೆ ಎರಡರ ನಡುವೆ ಕಾಗದದ ಪಟ್ಟಿ ಇಟ್ಟು, ಒಬ್ಬರು ಮೆಲ್ಲಗೆ ಎಳೆದು ಹಿಡಿಯಬೇಕು. ಇನ್ನೊಬ್ಬರು ಹಿಂದಿನ ಚಕ್ರವನ್ನು ಕೂದಲೆಳೆಯಷ್ಟೇ ತಿರುಗಿಸುತ್ತ ಹೋಗಬೇಕು. ಕಾಗದ ಜಾರಿದಾಗ ಪಿಸ್ಟನ್ ಎಲ್ಲಿದೆ ಎಂದು ಅಳೆಯಬೇಕು. ಅಳೆಯಲು ಪ್ಲಗ್ಗಿನ ತೂತಿನಲ್ಲಿ ಇಳಿಬಿಟ್ಟ ಒಂದು ಸೈಕಲ್ ಸ್ಪೋಕ್, ಅದರ ಮೇಲೆ ಅರದಿಂದ ಗೀಚಿದ ಗುರುತು.

ನಾನು ‘ಬಿಡ್ತು’ ಅನ್ನುತ್ತಿದ್ದೆ.

‘ಬಿಟ್ಟ ಮೇಲೆ ಹೇಳ್ತೀರೋ, ಬಿಡೋವಾಗ ಹೇಳ್ತೀರೋ? ಕನ್ನಡದಲ್ಲಿ ವರ್ತಮಾನ ಕಾಲ ಅಂತ ಒಂದಿದೆಯಲ್ಲ ಮೇಷ್ಟ್ರೆ, ಮಕ್ಕಳಿಗೆ ಮಾತ್ರನಾ ಅದು?’

ಮತ್ತೆ ಮೊದಲಿನಿಂದ. ಗುರುತು ಸ್ವಲ್ಪ ದಾಟಿದರೂ ಚಕ್ರವನ್ನು ಅಷ್ಟೇ ಹಿಂದಕ್ಕೆ ಒತ್ತುವಂತಿಲ್ಲ. ಗೇರಿನ ಹಲ್ಲುಗಳ ನಡುವೆ ಸಡಿಲ ಇರುತ್ತದಂತೆ. ಹಿಂದಕ್ಕೆ ಒತ್ತಿದರೆ ಆ ಸಡಿಲವೆಲ್ಲ ಲೆಕ್ಕದಲ್ಲಿ ಸೇರಿ ಸುಳ್ಳು ಉತ್ತರ ಬರುತ್ತದೆ. ಬಹಳ ದೂರ ಹಿಂದೆ ಹೋಗಿ, ಇಂಜಿನ್ ತಿರುಗುವ ದಿಕ್ಕಿನಲ್ಲೇ ಮತ್ತೆ ಬರಬೇಕು. ಎಲ್ಲ ಸರಿಹೋಯಿತು ಎಂದು ನಟ್ ಬಿಗಿದರೆ ಬಿಗಿಯುವಾಗಲೇ ಅದು ಜರುಗಿರುತ್ತದೆ. ಇನ್ನೊಮ್ಮೆ ಕಾಗದ. ಬೆಳಗ್ಗೆ ಕೂತರೆ ಊಟದ ಹೊತ್ತು ಮೀರುತ್ತಿತ್ತು. ನನ್ನ ಬೆನ್ನು ಬಿದ್ದುಹೋಗುತ್ತಿತ್ತು, ಮೇಡಂ ಬೈಗುಳ ಮುಂದುವರಿಯುತ್ತಿತ್ತು. ಇದನ್ನೆಲ್ಲ ಕಿವಿಯ ಲೆಕ್ಕಕ್ಕೆ ಬರೆದವರ ಕೈಗೆ ಒಂದು ಭಾನುವಾರ ಆ ಕಾಗದ ಕೊಟ್ಟು ಕೂರಿಸಬೇಕು.

ಆಗೆಲ್ಲ ಶೆಡ್ಡಿಗೆ ಚಹಾ ತಂದುಕೊಡುತ್ತಿದ್ದವರು ಎಸ್ಟೇಟಿನ ರೈಟರ್. ಆಳುಗಳ ಹಾಜರಿ, ಪಿಕ್ಕಿಂಗ್ ಲೆಕ್ಕ ನೋಡುವವರು. ಮಲಯಾಳಂ ಮಾತಾಡುವ ಮನೆತನ, ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ನಲವತ್ತರ ಆಸುಪಾಸಿನ ಸಣಕಲು ಆಳು. ಸಣಕಲಾದ್ದರಿಂದಲೇ ಪಂದ್ಯದಲ್ಲಿ ಗಾಡಿ ಓಡಿಸುವ ಕೆಲಸವೂ ಅವರ ಪಾಲಿಗೆ ಬಂದಿತ್ತು. ಸಾವ್ಕಾರ್ರು ದಢೂತಿ. ‘ನಮ್ ಸಾವ್ಕಾರ್ರು ಕೂತ್ರೆ ಗಾಡಿ ಅಲ್ಲೇ ಎಸ್ಟೇಟ್ ನೋಡ್ಕೊಂಡು ನಿಲ್ಲುತ್ತೆ ಸಾರೇ,’ ಎಂದು ರೈಟರ್ ನನ್ನ ಕಿವಿಯಲ್ಲಿ ಹೇಳಿದ್ದರು. ಮೇಡಂ ಅವರೊಬ್ಬರನ್ನು ಬೈಯುತ್ತಿರಲಿಲ್ಲ. ಯಾಕೆಂದು ಗೊತ್ತಿಲ್ಲ. ಅಥವಾ ಬೈಯುತ್ತಿದ್ದರೋ ಏನೋ, ಮುಂದೆ ಆದದ್ದು ಗೊತ್ತಿರುವುದರಿಂದ ನಾನೇ ಅದನ್ನು ಅಳಿಸಿಹಾಕಿರಬಹುದು.

ಮೇಡಂಗೆ ಒಂದು ಹಟವಿತ್ತು. ಕಿಡಿ ಬೇಗ ಹಾರುವುದಕ್ಕೆ ಅಡ್ವಾನ್ಸ್, ತಡವಾಗಿ ಹಾರುವುದಕ್ಕೆ ರಿಟಾರ್ಡ್ ಎಂದು ಲೋಕದ ಮೆಕ್ಯಾನಿಕ್ಕುಗಳೆಲ್ಲ ಅನ್ನುತ್ತಾರೆ. ಅವರು ಅನ್ನುತ್ತಿರಲಿಲ್ಲ. ‘ಕನ್ನಡದಲ್ಲಿ ಹೇಳಕ್ಕಾಗ್ದಿದ್ರೆ ನಿಮಗೆ ಅರ್ಥ ಆಗಿಲ್ಲ ಅಂತ,’ ಎಂದು ಮಕ್ಕಳಿಗೆ ಹೇಳುತ್ತಿದ್ದರು. ಅದಕ್ಕೆ ತಾವೂ ಕಟ್ಟುಬಿದ್ದಿದ್ದರು. ಆ ಎರಡು ಮಾತಿಗೆ ನಾನು ‘ಮುಂಗಿಡಿ, ಹಿಂಗಿಡಿ’ ಎಂಬ ಪದಗಳನ್ನು ಹೊಸೆದು ಕೊಟ್ಟೆ. ಕೇಳಿದ ಮೇಡಂ ಚಹಾದ ಲೋಟ ಕೆಳಗಿಟ್ಟು ನಕ್ಕರು. ‘ಇದನ್ನ ಸರ್ಕಾರದೋರಿಗೆ ಕಳಿಸಿ ಮೇಷ್ಟ್ರೆ, ಶಾಲು ಹೊದಿಸ್ತಾರೆ.’ ತಾವು ಮಾತ್ರ ಮನೆಯಲ್ಲಿ ಆಡುವ ಹಾಗೆಯೇ ಆಡುತ್ತಿದ್ದರು. ಬೇಗ ಮಾಡುವುದಕ್ಕೆ ‘ಹಿಂದಕ್ಕೆ ತನ್ನಿ’. ತಡ ಮಾಡುವುದಕ್ಕೆ ‘ಮುಂದಕ್ಕೆ ಹಾಕಿ’.

ಮದುವೆ ಮುಂದಕ್ಕೆ ಹಾಕಿದರು ಅಂದರೆ ಏನರ್ಥ? ಪರೀಕ್ಷೆ ಮುಂದಕ್ಕೆ ಹಾಕಿದರು ಅಂದರೆ? ತಡ ಮಾಡಿದರು ಎಂದೇ ತಾನೆ. ಮೇಡಂ ಕನ್ನಡದಲ್ಲಿ ತಪ್ಪಿರಲಿಲ್ಲ.

ಆದರೆ ಗಡಿಯಾರ ಮುಂದಿದೆ ಅಂದರೆ? ಅದು ಬೇಗ ಓಡುತ್ತಿದೆ ಎಂದು. ಸಾಲಿನಲ್ಲಿ ಮುಂದಿರುವವನು ಮೊದಲು ತಲುಪುವವನು. ಮುಂದಿನ ವಾರ ಮಾತ್ರ ಇನ್ನೂ ಬಂದೇ ಇಲ್ಲ. ಒಂದೇ ಪದ ಎರಡು ಕಡೆಗೆ ಮುಖ ಮಾಡಿ ನಿಂತಿದೆ. ಇಷ್ಟು ವರ್ಷ ಈ ಭಾಷೆಯನ್ನು ಪಾಠ ಮಾಡಿದವನಿಗೆ ಅದು ಒಂದು ದಿನವೂ ಕಣ್ಣಿಗೆ ಬೀಳಲಿಲ್ಲ. ಬಿದ್ದದ್ದು ಒಬ್ಬರ ಕಾಲು ಮುರಿದ ಮೇಲೆ.

ಪಂದ್ಯ ಬಯಲುಸೀಮೆಯ ಕಡೆ, ಬಳಕೆಯಲ್ಲಿಲ್ಲದ ಒಂದು ಖಾಸಗಿ ರನ್‌ವೇಯ ಮೇಲೆ. ಮೇಡಂಗೆ ಪ್ರಾಕ್ಟಿಕಲ್ ಪರೀಕ್ಷೆಯ ಕೆಲಸ, ಹೋಗಲಾಗಲಿಲ್ಲ. ಅಲ್ಲಿ ಪಂದ್ಯ ನಡೆಸುವವರು ಕೊನೆಯ ಗಳಿಗೆಯಲ್ಲಿ ಮೆಥನಾಲ್ ಬಳಸುವಂತಿಲ್ಲ, ಪೆಟ್ರೋಲಿನಲ್ಲೇ ಓಡಿಸಬೇಕು ಅಂದರಂತೆ. ಮೆಥನಾಲ್ ತಣ್ಣಗೆ ಉರಿಯುತ್ತದೆ, ಕಿಡಿ ಬೇಗ ಹಾರಿದರೂ ತಡೆದುಕೊಳ್ಳುತ್ತದೆ. ಪೆಟ್ರೋಲ್ ತಡೆಯುವುದಿಲ್ಲ, ಕಿಡಿ ತಡವಾಗಬೇಕು. ಸಾವ್ಕಾರ್ರು ಫೋನ್ ಮಾಡಿದರು. ಮೇಡಂ ಸ್ಟಾಫ್‌ರೂಮಿನಲ್ಲಿ ಡಬ್ಬಿಯ ಚಿತ್ರಾನ್ನ ತಿನ್ನುತ್ತಿದ್ದರು. ನಾನು ಎದುರಿಗಿದ್ದೆ.

‘ಪೆಟ್ರೋಲ್ ಹಾಕೋದಾದ್ರೆ ಕಿಡಿ ಸ್ವಲ್ಪ ಮುಂದಕ್ಕೆ ಹಾಕಿ. ಸ್ವಲ್ಪನೇ. ಕಾಗದ ಇಟ್ಟು ನೋಡಿ ಆಮೇಲೆ ಬಿಗೀರಿ. ಬಿಗಿದ ಮೇಲೆ ಮತ್ತೆ ನೋಡಿ.’

ಇದು ಅವರ ಮಾತು. ಚಿತ್ರಾನ್ನವೋ ಉಪ್ಪಿಟ್ಟೋ ಎಂಬುದಕ್ಕೆ ನಾನು ಆಣೆ ಇಡುವುದಿಲ್ಲ. ಈ ನಾಲ್ಕು ವಾಕ್ಯಗಳಿಗೆ ಇಡುತ್ತೇನೆ.

ಸಾವ್ಕಾರ್ರು ಕೇಳಿಸಿಕೊಂಡದ್ದು ಒಂದನ್ನೇ. ಮುಂದಕ್ಕೆ ಅಂದರೆ ಅಡ್ವಾನ್ಸ್. ಮೊದಲೇ ಬೇಗ ಇದ್ದ ಕಿಡಿಯನ್ನು ಇನ್ನೂ ಬೇಗ ಮಾಡಿದರು. ಕಾಗದ ಇಡಲಿಲ್ಲ. ರೈಟರ್ ಗಾಡಿ ಹತ್ತಿ ಕಿಕ್ ಹೊಡೆದರು. ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗಲೇ ಒಳಗೆ ಬೆಂಕಿ ಹತ್ತಿ ಅದನ್ನು ವಾಪಸ್ ತಳ್ಳಿತು. ಕಿಕ್ಕರ್ ಬ್ಯಾಕ್ ಹೊಡೆಯಿತು. ಬುಲೆಟ್ ಓಡಿಸಿದವರಿಗೆಲ್ಲ ಬ್ಯಾಕ್ ಹೊಡೆತದ ರುಚಿ ಗೊತ್ತಿರುತ್ತದೆ. ಅದರ ಹಲವು ಪಟ್ಟು ಇದು. ಬಲಗಾಲಿನ ಹರಡಿನ ಮೂಳೆ ಚೂರಾಯಿತು.

ಆಸ್ಪತ್ರೆಯಿಂದ ಬಂದ ಮೇಲೆ ರೈಟರನ್ನು ನೋಡಲು ಮೇಡಂ ಜೊತೆ ನಾನೂ ಹೋದೆ. ಆಳುಗಳ ಲೈನ್ ಮನೆಗಳ ಸಾಲಿನ ಕೊನೆಯಲ್ಲಿ ಅವರ ಕ್ವಾರ್ಟರ್ಸ್. ಮಂಚದ ಮೇಲೆ ಕಾಲಿಗೆ ದಿಂಬು ಕೊಟ್ಟು ಮಲಗಿದ್ದರು. ಸಾವ್ಕಾರ್ರೂ ಅದೇ ಹೊತ್ತಿಗೆ ಕಿತ್ತಳೆ ಹಣ್ಣಿನ ಚೀಲ ಹಿಡಿದು ಬಂದಿದ್ದರು. ಮನೆಯಲ್ಲಿದ್ದ ಎರಡು ಕುರ್ಚಿಗಳಲ್ಲಿ ಒಂದರಲ್ಲಿ ಅವರು, ಇನ್ನೊಂದರಲ್ಲಿ ಮೇಡಂ. ನಾನು ಬಾಗಿಲಿಗೆ ಒರಗಿ ನಿಂತೆ.

‘ಮೇಡಂ, ನೀವು ಹೇಳಿದ ಹಾಗೇ ಮಾಡಿದ್ದು ನಾನು,’ ಅಂದರು ಸಾವ್ಕಾರ್ರು.

‘ನಾನು ಹೇಳಿದ್ದು ಮುಂದಕ್ಕೆ ಹಾಕಿ ಅಂತ.’

‘ಅದೇ. ಮುಂದೆ ಅಂದ್ರೆ ಅಡ್ವಾನ್ಸ್.’

‘ನಿಮ್ಮ ಮನೇಲಿ ಮದುವೆ ಮುಂದಕ್ಕೆ ಹಾಕಿದ್ರೆ ಹಿಂದಿನ ದಿನವೇ ತಾಳಿ ಕಟ್ತೀರಾ?’

‘ಇದು ಮದುವೆ ಅಲ್ಲ ಮೇಡಂ, ಇಂಜಿನ್. ಸಾರ್ ಇದ್ದಾರಲ್ಲ, ಕನ್ನಡ ಲೆಕ್ಚರರ್, ಕೇಳಿ.’

ಇಬ್ಬರೂ ನನ್ನ ಕಡೆ ತಿರುಗಿದರು. ನಾನು ವಿವರಿಸತೊಡಗಿದೆ. ಗಡಿಯಾರ, ಪರೀಕ್ಷೆ, ಮುಂದಿನ ವಾರ. ಪದವೊಂದಕ್ಕೆ ಎರಡು ದಿಕ್ಕಿನ ಅರ್ಥ ಬರುವ ಬಗೆಯನ್ನು ಒಂದು ತರಗತಿಗಾಗುವಷ್ಟು ಹೇಳಿರಬೇಕು. ಮಂಚದ ಮೇಲಿಂದ ರೈಟರ್ ನಿಧಾನವಾಗಿ ಅಂದರು:

‘ನಂದು ಕಾಲು ಬಿಟ್ಟು ಎಲ್ಲಾರೂ ಪದ ಹಿಡ್ಕೊಂಡಿದ್ದೀರಲ್ಲ.’

ಮೇಡಂ ಸಾವ್ಕಾರ್ರನ್ನು ಕೇಳಿದರು. ‘ಕಾಗದ ಇಟ್ಟು ನೋಡಿದ್ರಾ?’

‘ಟೈಮ್ ಎಲ್ಲಿತ್ತು ಮೇಡಂ? ಲೈನಿಗೆ ಬನ್ನಿ ಅಂತ ಕೂಗ್ತಾ ಇದ್ರು. ಎಲ್ಲಾ ನೋಡ್ತಾ ನಿಂತಿದ್ರು.’

‘ಎಲ್ಲಾ ನೋಡ್ತಾ ಇದ್ರು. ನೀವೊಬ್ಬರು ನೋಡ್ಲಿಲ್ಲ.’

ಸಾವ್ಕಾರ್ರು ಎದ್ದರು. ಈ ಕಾಲಿಟ್ಟುಕೊಂಡು ರೈಟರ್ ಕೆಲಸ ಆಗುವುದಿಲ್ಲ, ತೋಟ ಸುತ್ತುವವರು ಬೇಕು, ಕ್ವಾರ್ಟರ್ಸಿನ ವಿಷಯ ಆಮೇಲೆ ಮಾತಾಡೋಣ ಎಂದು ಬಾಗಿಲ ಬಳಿ ನನ್ನ ಭುಜದ ಮೇಲಿಂದ ಹೇಳಿದರು. ರೈಟರಿಗೆ ಕೇಳಿಸಲಿ ಎಂದೇ ಹೇಳಿದ್ದು. ಅವರಿಗೆ ಓದುತ್ತಿದ್ದ ಇಬ್ಬರು ಹೆಣ್ಣುಮಕ್ಕಳಿದ್ದರು. ಕೆಲಸ ಹೋದರೆ ಮನೆಯೂ ಹೋಗುತ್ತದೆ.

ಆದರೆ ಕೆಲಸ ಹೋಗಲಿಲ್ಲ. ತಿಂಗಳೊಪ್ಪತ್ತಿನಲ್ಲಿ ರೈಟರನ್ನು ಎಸ್ಟೇಟಿನ ಆಫೀಸಿಗೆ ಹಾಕಿದರು, ಹೋಂಸ್ಟೇ ಶುರುವಾದ ಮೇಲೆ ಅದರ ಗೇಟಿಗೆ. ಕ್ವಾರ್ಟರ್ಸ್ ಉಳಿಯಿತು. ಸಾವ್ಕಾರ್ರಿಗೆ ನಾಚಿಕೆ ಹುಟ್ಟಿರಬೇಕು ಎಂದು ನಾನು ತಿಳಿದೆ. ಇದನ್ನು ಈಗ ಬರೆಯುವಾಗ ನನ್ನ ಬಗ್ಗೆಯೇ ಸಿಟ್ಟು ಬರುತ್ತದೆ. ಮನುಷ್ಯರ ಮೇಲೆ ನಂಬಿಕೆ ಇಡುವುದು ನನಗೆ ಅಷ್ಟು ಅಗ್ಗವಾಗಿತ್ತು.

ಅದೇ ಹೊತ್ತಿಗೆ ಊರಿನಲ್ಲಿ ಮಾತು ಹಬ್ಬಿತು. ಮೇಡಂ ಫೋನಿನಲ್ಲಿ ಉಲ್ಟಾ ಹೇಳಿದರಂತೆ. ಮೇಡಂಗೆ ಮರೆವು ಶುರುವಾಗಿದೆಯಂತೆ. ಬಟ್ಟೆ ಅಂಗಡಿಯಲ್ಲಿ ಒಬ್ಬರು ನನ್ನನ್ನೇ ಕೇಳಿದರು, ‘ಪಾಠನಾದ್ರೂ ಸರಿಯಾಗಿ ಮಾಡ್ತಾರಾ ಸಾರ್?’ ಇಬ್ಬರು ಪೋಷಕರು ಪ್ರಿನ್ಸಿಪಾಲರ ಹತ್ತಿರ ಬಂದು ಹೋದರು. ಮುಂದಿನ ವರ್ಷ ಮೇಡಂ ಕೈಯಿಂದ ಎರಡನೇ ಪಿಯು ತರಗತಿಗಳನ್ನು ತೆಗೆದು ಹೊಸಬರಿಗೆ ಕೊಟ್ಟರು. ಮೇಡಂ ವೇಳಾಪಟ್ಟಿ ನೋಡಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡರು. ಅಷ್ಟೇ. ಪ್ರಿನ್ಸಿಪಾಲರನ್ನು ಒಂದು ಮಾತು ಕೇಳಲಿಲ್ಲ. ಒಂದು ಚಾಕ್‌ಪೀಸ್ ಕಡಿಮೆ ಕೊಟ್ಟರೆ ಕಾರಿಡಾರಿನಲ್ಲಿ ನಿಂತು ಜಗಳವಾಡುತ್ತಿದ್ದ ಹೆಂಗಸು.

ನನ್ನ ಜೊತೆ ಮಾತ್ರ ಜಗಳ ನಿಲ್ಲಲಿಲ್ಲ. ದಿನವೂ ಇಲ್ಲದಿದ್ದರೂ ವಾರಕ್ಕೊಮ್ಮೆಯಾದರೂ ಆ ಪದ ಮೇಜಿನ ಮೇಲ್ಗಡೆ ಹಾರಿ ಬರುತ್ತಿತ್ತು. ‘ನನ್ನ ಪದ ಬಳಸಿದ್ದರೆ ಹೀಗಾಗುತ್ತಿರಲಿಲ್ಲ,’ ಎಂದು ಒಮ್ಮೆ ಅಂದೆ.

‘ಯಾವ್ದು, ಹಿಂಗಿಡಿನಾ? ಹಿಂಗಿಡಿ ಅಂದಿದ್ರೆ, ಓ ಹಿಂಗ್ ಇಡ್ಬೇಕಂತೆ ಅನ್ಕೊಂಡು ಹಂಗೇ ಇಟ್ಬಿಡ್ತಿದ್ದ ಆ ಪುಣ್ಯಾತ್ಮ. ಪದ ಹೊಸೆಯೋರೂ ಕಾಗದ ಇಟ್ಟು ನೋಡ್ಬೇಕು ಮೇಷ್ಟ್ರೆ.’

ನಕ್ಕೆವು. ಆ ಗಾಡಿಯನ್ನು ಅವರು ಮತ್ತೆ ಮುಟ್ಟಲಿಲ್ಲ. ಅದನ್ನು ಇನ್ಯಾರಿಗೂ ಸರಿಮಾಡಲಾಗಲಿಲ್ಲ, ಅದಕ್ಕೇ ಕಟ್ಟೆ ಹತ್ತಿತು. ಆಮೇಲೆ ನನಗೆ ಪೊನ್ನಂಪೇಟೆಗೆ ವರ್ಗವಾಯಿತು. ಮೇಡಂ ನಿವೃತ್ತರಾದರು. ಕಳೆದ ವರ್ಷ ಮಳೆಗಾಲ ಮುಗಿಯುವಾಗ ತೀರಿಕೊಂಡರು, ಸಕ್ಕರೆ ಕಾಯಿಲೆ. ಕೊನೆಯ ಸಲ ನೋಡಿದಾಗ ಏನು ಹೇಳಿದರು ಎಂದು ಸಭೆಯಲ್ಲಿ ಹಲವರು ಕೇಳಿದರು. ನನ್ನ ಬಸ್ಸು ಎಷ್ಟು ಹೊತ್ತಿಗೆ ಎಂದು ಮೇಡಂ ಕೇಳಿದ್ದರು. ಬೇರೇನೂ ಹೇಳಲಿಲ್ಲ.

ಸಭೆ ನಡೆದದ್ದು ಅದೇ ಹೋಂಸ್ಟೇಯ ಊಟದ ಹಾಲಿನಲ್ಲಿ. ಗಾಡಿಗೆ ಚೆಂಡುಹೂವಿನ ಹಾರ ಹಾಕಿದ್ದರು. ಸಾವ್ಕಾರ್ರು ಫಲಕದ ಪರದೆ ಸರಿಸಿ, ಮೇಡಂ ಕಣ್ಣು ಮುಚ್ಚಿ ಇಂಜಿನ್ನಿನ ಸದ್ದು ಕೇಳುತ್ತಿದ್ದ ಬಗೆಯನ್ನು ತಾವೂ ಕಣ್ಣು ಮುಚ್ಚಿ ತೋರಿಸಿದರು. ‘ವಯಸ್ಸಾದ ಮೇಲೆ ಒಂದು ಸಣ್ಣ ಮಿಸ್ಟೇಕ್ ಆಯ್ತು, ಅದನ್ನ ನಾವು ಯಾವತ್ತೂ ದೊಡ್ಡದು ಮಾಡ್ಲಿಲ್ಲ,’ ಎಂದೂ ಸೇರಿಸಿದರು. ಜನ ತಲೆದೂಗಿದರು. ಆಮೇಲೆ ನಾನು ಮಾತಾಡಬೇಕಿತ್ತು.

ನಾನು ಸೀದಾ ಹೊರಗೆ ಹೋದೆ. ಗೇಟಿನ ಹತ್ತಿರ ರೈಟರ್ ಕಾರುಗಳನ್ನು ನಿಲ್ಲಿಸುವ ಜಾಗ ತೋರಿಸುತ್ತ ನಿಂತಿದ್ದರು. ಬಲಗಾಲು ಒಳಕ್ಕೆ ತಿರುಗಿತ್ತು.

‘ಎಲ್ಲಾ ಹೇಳ್ತೀನಿ ಈಗ,’ ಅಂದೆ. ‘ಕಾಗದ ಇಡದೆ ಬಿಗಿದವರು ಯಾರು ಅಂತ ಮೈಕಿನಲ್ಲೇ ಹೇಳ್ತೀನಿ.’

‘ಹೇಳಿ ಸಾರೇ,’ ಅಂದರು. ‘ನಾಳೆಯಿಂದ ನಾನು ಎಲ್ಲಿಗೆ ಹೋಗೋದು, ಅದನ್ನೂ ಮೈಕಲ್ಲೇ ಹೇಳಿ.’

ಆಮೇಲೆ ಒಂದು ಕಾರಿಗೆ ಜಾಗ ತೋರಿಸಿ ಬಂದು, ನನಗೆ ಗೊತ್ತಿಲ್ಲದ ಒಂದು ವಿಷಯ ಹೇಳಿದರು. ನಾವು ಕಿತ್ತಳೆ ಹಣ್ಣಿನ ದಿನ ಹೋಗಿಬಂದ ಮೇಲೆ ಮೇಡಂ ಇನ್ನೊಮ್ಮೆ ಒಬ್ಬರೇ ಕ್ವಾರ್ಟರ್ಸಿಗೆ ಬಂದಿದ್ದರಂತೆ. ಸಾವ್ಕಾರ್ರನ್ನು ಅಲ್ಲಿಗೇ ಕರೆಸಿದರಂತೆ. ‘ತಪ್ಪು ನಂದೇ ಅಂತ ಊರಿಗೆಲ್ಲಾ ಹೇಳ್ಕೊಳ್ಳಿ. ನಾನು ಎಲ್ಲೂ ಬಾಯಿ ಬಿಡಲ್ಲ. ಇವರನ್ನ ಮಾತ್ರ ತೆಗೀಬೇಡಿ. ತೆಗೆದ ದಿನ ನಾನು ಬಾಯಿ ಬಿಡ್ತೀನಿ,’ ಅಂದರಂತೆ.

‘ನನಗೆ ಯಾಕೆ ಹೇಳಲಿಲ್ಲ ಅವರು?’ ಅಂದೆ.

‘ನೀವು ಮೇಷ್ಟ್ರಲ್ವಾ ಸಾರೇ. ನೀವು ವಿವರಿಸ್ತೀರಿ.’

ನಾನು ಇದನ್ನು ನಂಬಲೋ ಬೇಡವೋ ತಿಳಿಯಲಿಲ್ಲ. ಈಗಲೂ ತಿಳಿದಿಲ್ಲ. ಇದು ತೀರಾ ಅಚ್ಚುಕಟ್ಟಾಗಿದೆ. ಎಲ್ಲ ಚುಕ್ಕೆಗಳೂ ಗೆರೆಯ ಮೇಲೆ ಬಂದು ಕೂರುತ್ತವೆ. ಒಬ್ಬ ಹುಡುಗಿಯ ಮುಂದೆ ಸಣ್ಣ ತಪ್ಪನ್ನು ಒಪ್ಪಿಕೊಳ್ಳಲಾರದವರು ತಮ್ಮದಲ್ಲದ ದೊಡ್ಡ ತಪ್ಪನ್ನು ಊರಿನ ಮುಂದೆ ಹೊತ್ತುಕೊಂಡರೇ? ಮೈಕಿನ ಹತ್ತಿರ ಹೋಗದ ಹಾಗೆ ನನ್ನನ್ನು ತಡೆಯಲು, ಕೆಲಸ ಉಳಿಸಿಕೊಳ್ಳಲು, ರೈಟರ್ ಅಲ್ಲೇ ನಿಂತು ಕಟ್ಟಿದ ಕತೆಯೂ ಇರಬಹುದು. ಕಟ್ಟಿದ್ದರೆ ಅವರನ್ನು ನಾನು ದೂರುವುದಿಲ್ಲ. ಕಿತ್ತಳೆ ಹಣ್ಣಿನ ಆ ದಿನದ ನಂತರ ಮೇಡಂ ಸ್ಟಾಫ್‌ರೂಮಿನ ಹೊರಗೆ ಆ ಪದದ ಬಗ್ಗೆ ಒಮ್ಮೆಯಾದರೂ ಜಗಳವಾಡಿದ್ದನ್ನು ನೆನಪಿಸಿಕೊಳ್ಳಲು ಬಹಳ ಪ್ರಯತ್ನಪಟ್ಟೆ. ಒಂದೂ ಸಿಗುತ್ತಿಲ್ಲ. ಸಿಗದಿರುವುದಕ್ಕೆ ನಾನು ಈಗ ಹುಡುಕುತ್ತಿರುವ ರೀತಿಯೇ ಕಾರಣವಿರಬಹುದು.

‘ಹಾಗಾದರೆ ಮೇಡಂ ಹೆಸರು ಹೀಗೇ ಇರಲಿ ಅಂತೀರಾ?’ ಎಂದು ಕೇಳಿದೆ.

‘ಮೇಡಂ ಸತ್ತೋದ್ರು ಸಾರೇ. ಸತ್ತೋರನ್ನ ಯಾರೂ ಕೆಲಸದಿಂದ ತೆಗೆಯಲ್ಲ.’

ಒಳಗೆ ನನ್ನ ಹೆಸರು ಕರೆದರು. ಹೋಗಿ ಮೈಕ್ ಹಿಡಿದೆ. ‘ಮೇಡಂ ಕಿವಿಯಿಂದ ಟೈಮಿಂಗ್ ಮಾಡುತ್ತಿರಲಿಲ್ಲ,’ ಎಂದಷ್ಟೇ ಹೇಳಿದೆ. ಮುಂದೇನೋ ದೊಡ್ಡ ಹೊಗಳಿಕೆ ಬರುತ್ತದೆಂದು ಕಾದರು. ಬಾರದಿದ್ದಾಗ ಒಬ್ಬರು ‘ಹೃದಯದಿಂದ ಮಾಡುತ್ತಿದ್ದರು’ ಎಂದು ವಾಕ್ಯ ತುಂಬಿಸಿದರು. ಚಪ್ಪಾಳೆ ಬಿತ್ತು. ಸಾವ್ಕಾರ್ರು ನನ್ನ ಕೈ ಕುಲುಕಿದರು. ಆ ಕೈಯನ್ನು ಕುಲುಕಿ, ಅವರು ಬಡಿಸಿದ ಪಾಯಸ ತಿಂದು, ಬಸ್ಸು ಹಿಡಿದೆ. ಪೊನ್ನಂಪೇಟೆ ಮುಟ್ಟುವವರೆಗೂ ಹಲ್ಲು ಕಚ್ಚಿಕೊಂಡೇ ಇದ್ದೆ.

ಇದನ್ನು ಬರೆಯಬಾರದೆಂದೇ ಇದ್ದೆ. ಹೋದ ತಿಂಗಳು ರೈಟರ್ ಫೋನ್ ಮಾಡಿದರು. ಮೇಡಂ ತೀರಿಕೊಂಡು ಆಗಿನ್ನೂ ವರ್ಷ ತುಂಬಿರಲಿಲ್ಲ. ಊಟ ಆಯಿತಾ ಎಂದು ಕೇಳಿದರು, ಮಕ್ಕಳ ಸುದ್ದಿ ಹೇಳಿದರು. ಆಮೇಲೆ, ಹವಾಮಾನದ ಬಗ್ಗೆ ಹೇಳುವ ಹಾಗೆ, ‘ನನ್ನ ತೆಗೆದ್ರು ಸಾರೇ,’ ಅಂದರು.

‘ಯಾಕೆ?’

‘ಕಾಲು ಎಳ್ಕೊಂಡು ನಡೀತೀನಲ್ಲ, ಗೇಟಲ್ಲಿ ಗೆಸ್ಟುಗಳಿಗೆ ಚೆನ್ನಾಗಿ ಕಾಣ್ಸಲ್ಲಂತೆ.’

‘ಕ್ವಾರ್ಟರ್ಸ್?’ ಅಂದೆ.

‘ಈಗ ಬರೀರಿ,’ ಅಂದರು.